ಹಾರ ಬಿಚ್ಚಿಟ್ಟು ಹೊರಡು

ಹಿರಿಯೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಅಪ್ಪ ಮಾಡುವ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ.

ಭಾನುವಾರ ಹೊಸ ಬೈಕಿನಲ್ಲಿ ಊರಿಗೆ ಬರುತ್ತೇನೆ ಅಂತ ನೀನು ಮಂಗಳವಾರ ಫೋನಿನಲ್ಲಿ ಹೇಳಿದಾಗ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಫೋನ್ ಇಟ್ಟವನು ನಾನು. ನಿನ್ನೆ ಸಂಜೆವರೆಗೂ ನಿಮ್ಮಮ್ಮ ನನ್ನ ಜೊತೆ ಮಾತಾಡಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಫೋನಿನಲ್ಲಿ ಮಾತು ಶುರು ಮಾಡಿದರೆ ಮತ್ತೆ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ನನ್ನ ಜೊತೆ ಆರು ವರ್ಷ ಡ್ಯೂಟಿ ಮಾಡಿದವನು. ಎಂಟನೇ ಮೈಲಿ ಸ್ಟಾಪಿನಲ್ಲಿ ನಿಂತಿರು, ಕೊಡುತ್ತಾನೆ. ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇದೆ. ತಳದಲ್ಲಿ ಪೇಪರ್ ಸುತ್ತಿ ಇಟ್ಟಿರುವುದು ಗ್ಲೌಸ್. ಅದು ನಾನು ತಂದಿದ್ದು. ಬಿಗಿ ಅನ್ನಿಸಿದರೆ ಬದಲಾಯಿಸಬಹುದು, ಬಿಲ್ ಒಳಗೇ ಇದೆ.

ನಿನ್ನೆ ಪಕ್ಕದ ಮನೆ ಹುಡುಗನ ಹಂಟರ್ ಬೈಕು ಈಸ್ಕೊಂಡೆ. ನೀನು ತಗೊಂಡಿರುವುದೂ ಅದೇ 350 ಅಲ್ವಾ? ಓಡಿಸಲಿಲ್ಲ. ಸುಮ್ನೆ ಬೀದಿಯ ಆ ತುದಿಯಿಂದ ಈ ತುದಿಗೆ ತಳ್ಳಿದೆ. 181 ಕೆ.ಜಿ. ಅಂದ ಹುಡುಗ. ಮೂರೂವರೆ ಮೂಟೆ ಸಿಮೆಂಟಿಗಿಂತ ಜಾಸ್ತಿ. ನೆಟ್ಟಗೆ ನಿಂತಾಗ ಏನೂ ಅನ್ನಿಸುವುದಿಲ್ಲ, ಒಂದು ಗೇಣು ವಾಲಿತು ಅಂದರೆ ತೋಳು ಸೆಳೆದುಬಿಡುತ್ತದೆ. ಆಮೇಲೆ ಟೇಪು ತಂದು ಸೀಟಿನ ಎತ್ತರ ಅಳೆದೆ. 31 ಇಂಚು. ನಿಮ್ಮಮ್ಮ ಕಾಂಪೌಂಡಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನಾನು ಕರೆಯಲಿಲ್ಲ, ಅವಳೇ ಬಂದಳು. ಸೀರೆ ಎತ್ತಿಕಟ್ಟಿ ಗಾಡಿ ಹತ್ತಿ ಕೂತಳು. ನಿಮ್ಮಿಬ್ಬರದೂ ಒಂದೇ ಎತ್ತರ ಅಲ್ವಾ. ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಿತು. "ಆಗುತ್ತೆ ಬಿಡ್ರಿ, ಅವಳಿಗೆ ಕೂತ್ಕೊಳ್ಳೋಕಾಗುತ್ತೆ" ಅಂದಳು. ಎರಡು ದಿನಕ್ಕೆ ಅದೇ ಮೊದಲ ಮಾತು.

ಮುಂಗಾಲು ಮಾತ್ರ ತಾಗುತ್ತದೆ, ಪೂರ್ತಿ ಪಾದ ಊರುವುದಿಲ್ಲ. ನಿಲ್ಲಿಸುವ ಮೊದಲು ಕಾಲು ಇಡುವ ಜಾಗ ನೋಡಿಕೊಂಡು ನಿಲ್ಲಿಸು. ಜಲ್ಲಿ, ಮರಳು, ಆಯಿಲ್ ಬಿದ್ದ ಕಡೆ ಬೇಡ. ವಾಲಿ ಬಿದ್ದೇ ಬಿಡುತ್ತದೆ ಅನ್ನಿಸಿದರೆ ಬಿಟ್ಟುಬಿಡು. ಗಾಡಿ ಎತ್ತಬಹುದು, ಅದರ ಕೆಳಗೆ ನಿನ್ನ ಕಾಲು ಸಿಗಬಾರದು.

ಈಗ ನಾನು ಹೇಳಬೇಕು ಅಂತ ಕೂತ ವಿಷಯ.

2011ರಲ್ಲಿ ನಿನಗೆ ಹನ್ನೆರಡು ವರ್ಷ. ಆಯುಧಪೂಜೆಯ ಮಾರನೇ ದಿನ ಡ್ಯೂಟಿಯಿಂದ ಬಂದವನೇ ನಿನ್ನ ಸೈಕಲ್ಲಿಗೆ ಬೀಗ ಹಾಕಿದೆ. ಆ ಒಂದು ತಿಂಗಳು ಹೇಗಿತ್ತು ಅಂತ ನೀನು ನನಗೆ ಹೇಳಬೇಕಾಗಿಲ್ಲ. ಯಾಕೆ ಬೀಗ ಹಾಕಿದೆ ಅಂತ ನಾನೂ ಇಲ್ಲಿವರೆಗೆ ಹೇಳಲಿಲ್ಲ.

ಅವತ್ತು ಬೆಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಹಿಂದಿನ ದಿನ ಡಿಪೋದಲ್ಲಿ ಪೂಜೆ ಮಾಡಿ ಬಸ್ಸಿಗೆಲ್ಲ ಚೆಂಡುಹೂವಿನ ಹಾರ ಹಾಕಿದ್ದೆವು, ಎರಡೂ ಕಡೆ ಬಾಳೆಕಂದು ಕಟ್ಟಿದ್ದೆವು. ತುಮಕೂರು ದಾಟಿ ಸೀಬಿ ಹತ್ತಿರ ಬಂದಾಗ ಒಬ್ಬರು ಇಳಿಯುವವರಿದ್ದರು. ಕಂಡಕ್ಟರ್ ಸೀಟಿ ಊದಿದ. ಎಡಕ್ಕೆ ತಗೊಂಡೆ. ಕೆಳಗೆ ಕಬ್ಬಿಣ ಉಜ್ಜಿದ ಸದ್ದು. ಬ್ರೇಕ್ ಮೇಲೆ ನಿಂತುಬಿಟ್ಟೆ.

ಇಳಿದು ಓಡಿದೆ. ಎಡಗಡೆ ಮುಂದಿನ ಚಕ್ರದ ಮುಂದೆ ಒಂದು ಹೊಸ ಬೈಕು ಮಲಗಿತ್ತು. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಚಕ್ರದ ಕೆಳಗೆ ಚೆಂಡುಹೂವು ಅರೆದು ಹೋಗಿತ್ತು. ಟಾರಿಗೆ ಅರಿಶಿನ ಬಳಿದ ಹಾಗೆ. ಆ ಹೂವು ಅವನ ಗಾಡಿಯದೋ ನನ್ನ ಬಸ್ಸಿನದೋ ಗೊತ್ತಾಗಲಿಲ್ಲ. ಹುಡುಗ ಚಕ್ರದ ಕೆಳಗೆ ಇದ್ದಾನೋ ಇಲ್ಲವೋ ಅನ್ನುವುದೂ ಗೊತ್ತಾಗಲಿಲ್ಲ. ಬಗ್ಗಿ ನೋಡಲು ನನಗೆ ಧೈರ್ಯ ಬರಲಿಲ್ಲ ಪುಟ್ಟಿ. ಹೂವನ್ನೇ ನೋಡುತ್ತಾ ನಿಂತೆ. ಎಷ್ಟು ಹೊತ್ತು ಅಂತ ಕೇಳಿದರೆ ಹೇಳಲಾರೆ.

ಅವನು ಆಚೆ ಮಣ್ಣಿನಲ್ಲಿ ಬಿದ್ದಿದ್ದ. ಎದ್ದು ಬಂದ. ಮೊಣಕೈ ತರಚಿತ್ತು, ಅಷ್ಟೇ. ಹೆಲ್ಮೆಟ್ಟು ಗಾಡಿಯ ಕನ್ನಡಿಗೆ ನೇತುಹಾಕಿಕೊಂಡಿದ್ದ, ಅದು ಎರಡು ಹೋಳಾಗಿತ್ತು. "ಏನೂ ಆಗಿಲ್ಲ ಡ್ರೈವರಣ್ಣ" ಅಂತ ನಕ್ಕ. ನಾನು ಕೆನ್ನೆಗೆ ಹೊಡೆದೆ. ಜೋರಾಗಿಯೇ ಹೊಡೆದೆ. ಇಳಿದು ಬಂದ ಪ್ಯಾಸೆಂಜರ್‌ಗಳು ಸರಿಯಾಗಿ ಮಾಡಿದ್ರಿ ಅಂದರು. ಹುಡುಗ ತಿರುಗಿ ಮಾತಾಡಲಿಲ್ಲ. "ಅಪ್ಪನಿಗೆ ಗಾಡಿ ತೋರಿಸೋಕೆ ಹೊರಟಿದ್ದೆ ಅಣ್ಣ" ಅಂದ. ಜವನಗೊಂಡನಹಳ್ಳಿ ಕಡೆ ಯಾವುದೋ ಹಳ್ಳಿಯವನು.

ಹಾರವನ್ನು ಹ್ಯಾಂಡಲ್ಲಿಗೆ ಸುತ್ತಿ ಹೆಡ್‌ಲೈಟಿನ ಮುಂದೆ ಇಳಿಬಿಟ್ಟಿದ್ದ. ಗಾಳಿಗೆ ಅದು ಕೆಳಕ್ಕೆ ಜಾರಿ, ದಾರ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ನಾನೇ ಕೂತು ಬಿಡಿಸಿದೆ. ಈಗ ಹೂವು ಕಟ್ಟುವುದು ಬಾಳೆನಾರಿನಲ್ಲಿ ಅಲ್ಲ, ಪ್ಲಾಸ್ಟಿಕ್ ದಾರದಲ್ಲಿ. ಎಳೆದರೆ ಬೆರಳು ಕೊಯ್ಯುತ್ತದೆಯೇ ಹೊರತು ದಾರ ಹರಿಯುವುದಿಲ್ಲ.

ಅದಕ್ಕೇ ಹೇಳುತ್ತೇನೆ. ಶನಿವಾರ ಶೋರೂಮಿನಲ್ಲಿ ಗಾಡಿ ಕೊಡುವಾಗ ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಹಾಕಲಿ. ಫೋಟೋ ಆದ ಮೇಲೆ ಅಲ್ಲೇ ಬಿಚ್ಚಿಡು. ರೂಮಿನವರೆಗೆ ಒಂದೇ ಕಿಲೋಮೀಟರ್ ಆದರೂ ಬಿಚ್ಚಿಡು. ದುಪಟ್ಟಾನೂ ಅಷ್ಟೇ, ಜಾಕೆಟ್ಟಿನೊಳಗೆ ಸೇರಿಸು. ಬ್ಯಾಗಿನ ಪಟ್ಟಿ ನೇತಾಡಬಾರದು.

ಶೋರೂಮಿನಿಂದ ಹೊರಗೆ ಬಂದವಳೇ ಬಂಕಿಗೆ ಹೋಗು. ಹೊಸ ಗಾಡಿಯಲ್ಲಿ ಬಂಕ್ ಮುಟ್ಟುವಷ್ಟೇ ಪೆಟ್ರೋಲ್ ಇರುತ್ತದೆ. ಎರಡೂ ಟೈರಿನ ಗಾಳಿ ಚೆಕ್ ಮಾಡಿಸು. ಹೊಸ ಟೈರು ನುಣ್ಣಗಿರುತ್ತದೆ, ರೋಡಿಗೆ ಉಜ್ಜಿ ಒರಟಾಗುವವರೆಗೆ ಹಿಡಿತ ಕಮ್ಮಿ. ಮೊದಲ ನೂರು ಕಿಲೋಮೀಟರ್ ಗಾಡಿ ವಾಲಿಸಬೇಡ, ಗಕ್ಕನೆ ಬ್ರೇಕ್ ಹಿಡಿಯಬೇಡ. ಎಬಿಎಸ್ ಇದೆ ಅಂತ ನೀನು ಅಂದೆ. ಇರಲಿ, ಅದು ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ. ಮುಂದಿನ ಲಾರಿಗೂ ನಿನಗೂ ನಡುವೆ ಇರುವ ಜಾಗವನ್ನು ಅದು ಜಾಸ್ತಿ ಮಾಡುವುದಿಲ್ಲ.

ಇಂಜಿನ್ನೂ ಹೊಸದು. ಮೊದಲ 500 ಕಿಲೋಮೀಟರ್ ಅದನ್ನು ಕೂಸಿನ ಹಾಗೆ ನೋಡಿಕೊಳ್ಳಬೇಕು. ಪೂರ್ತಿ ರೇಸ್ ಕೊಡಬೇಡ. ಹಾಗಂತ ನೇರ ರೋಡು ಸಿಕ್ಕಿತು ಅಂತ ಒಂದೇ ಸ್ಪೀಡಿನಲ್ಲಿ ಗಂಟೆಗಟ್ಟಲೆ ಎಳೆಯಲೂ ಬೇಡ. ಐವತ್ತು, ಅರವತ್ತು, ಮತ್ತೆ ಐವತ್ತು, ಹೀಗೆ ಏರಿಸಿ ಇಳಿಸಿಕೊಂಡು ಬಾ. ಇಲ್ಲಿಗೆ ಸುಮಾರು 160 ಕಿಲೋಮೀಟರ್. ನಾಲ್ಕು ಗಂಟೆ ಆಗಲಿ, ಐದಾಗಲಿ. ಹೋಗಿ ಬಂದರೆ 320. ವಾಪಸ್ ಹೋದ ವಾರವೇ ಫಸ್ಟ್ ಸರ್ವಿಸ್ ಮಾಡಿಸಿಬಿಡು.

ಭಾನುವಾರ ಕತ್ತಲಲ್ಲಿ ಹೊರಡಬೇಡ. ನೆಲಮಂಗಲದಿಂದ ದಾಬಸ್‌ಪೇಟೆವರೆಗೆ ಈ ತಿಂಗಳು ಮಂಜು ಇರುತ್ತದೆ, ಲೈಟಿಲ್ಲದೆ ನಿಂತ ಲಾರಿ ಅದರಲ್ಲಿ ಕಾಣುವುದೇ ಇಲ್ಲ. ಏಳು ಗಂಟೆಗೆ ಹೊರಟರೆ ಸಾಕು. ಆಗ ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಂದಿನ ರೋಡು ಚೆನ್ನಾಗಿ ಕಾಣುತ್ತದೆ. ಆದರೆ ಕನ್ನಡಿಯಲ್ಲಿ ಸೂರ್ಯ ಕಣ್ಣು ಕುಕ್ಕುತ್ತಾನೆ. ಹಿಂದೆ ಬರುತ್ತಿರುವುದು ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂದುಕೊಳ್ಳಬೇಡ, ಲೇನ್ ಬದಲಿಸುವ ಮೊದಲು ಕತ್ತು ತಿರುಗಿಸಿ ನೋಡು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನು. ಹಸಿವಿಲ್ಲದಿದ್ದರೂ ಇಳಿ, ಕೈ ಕಾಲು ಆಡಿಸು.

ಸಿರಾ ದಾಟಿದ ಮೇಲೆ ರೋಡು ನೆಟ್ಟಗೆ, ಬಯಲು, ಗಾಳಿ ಜಾಸ್ತಿ. ದೊಡ್ಡ ಲಾರಿ ಪಕ್ಕದಲ್ಲಿ ಹೋಗುವಾಗ ಮೊದಲು ನಿನ್ನನ್ನು ಆಚೆಗೆ ತಳ್ಳುತ್ತದೆ, ದಾಟಿದ ಮೇಲೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹ್ಯಾಂಡಲ್ ಗಟ್ಟಿಯಾಗಿ ಅಮುಕಬೇಡ, ಮಂಡಿಯಲ್ಲಿ ಟ್ಯಾಂಕ್ ಅವುಚಿಕೋ. ಊರು ಹತ್ತಿರ ಬಂದಾಗ ಸರ್ವಿಸ್ ರೋಡಿನಲ್ಲಿ ರಾಗಿ ಹುಲ್ಲು, ಹುರುಳಿ ಸೊಪ್ಪು ಹರಡಿರುತ್ತಾರೆ. ಒಣಗಿದ ಹುಲ್ಲಿನ ಮೇಲೆ ಟೈರು ಎಣ್ಣೆ ಮೇಲೆ ಜಾರಿದ ಹಾಗೆ ಜಾರುತ್ತದೆ. ಅಲ್ಲಿ ಬ್ರೇಕನ್ನೂ ಮುಟ್ಟಬೇಡ, ಕ್ಲಚ್ಚನ್ನೂ ಹಿಡಿಯಬೇಡ. ಮೊದಲೇ ನಿಧಾನ ಮಾಡಿ, ನೆಟ್ಟಗೆ ದಾಟು.

ಪಾಠ ಹೇಳುವುದಿಲ್ಲ ಅಂದುಕೊಂಡೇ ಬರೆಯಲು ಕೂತಿದ್ದು. ನೋಡು, ಎಲ್ಲಿಗೆ ಬಂತು. ಗೇರ್ ಗಾಡಿ ಲೈಸೆನ್ಸ್ ಮಾಡಿಸಿದವಳು ನೀನು, ಆರು ಭಾನುವಾರ ಗೆಳತಿಯ ಬೈಕಿನಲ್ಲಿ ಖಾಲಿ ಲೇಔಟಿನಲ್ಲಿ ಎಂಟು ಹಾಕಿ ಕಲಿತವಳು ನೀನು. ಇದೆಲ್ಲ ನನಗೆ ನಿಮ್ಮಮ್ಮ ಹೇಳಿದ್ದು. ನನ್ನ ಹತ್ತಿರ ಕಲಿಯಬಹುದಿತ್ತು ಅಂತ ಒಂದು ಸಲ ಅನ್ನಿಸಿತು. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ನೀನು ಅದನ್ನು ತಿಳಿದೇ ಕೇಳಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದೆ. ಅದರಲ್ಲಿ ಒಂದು ಗಾಡಿಯೂ ನನ್ನದಲ್ಲ. ನನ್ನ ಹೆಸರಿನಲ್ಲಿ ಇದ್ದಿದ್ದು ಒಂದು ಟಿವಿಎಸ್ ಎಕ್ಸೆಲ್, ಅದೂ ಸೆಕೆಂಡ್ ಹ್ಯಾಂಡ್. ನಿನ್ನ ಸಂಬಳದಲ್ಲಿ ನಿನ್ನ ಹೆಸರಿಗೆ ಹೊಸ ಗಾಡಿ ಬಂತು ಅಂತ ಡಿಪೋದ ಹತ್ತಿರ ಟೀ ಅಂಗಡಿಯಲ್ಲಿ ನಾನೇ ಎಲ್ಲರಿಗೂ ಹೇಳಿದೆ. ಮಂಗಳವಾರ ನಿನ್ನ ಮೇಲೆ ಕೂಗಾಡಿದ ಅರ್ಧ ಗಂಟೆಗೆ. ನೀನು ನಂಬುವುದಿಲ್ಲ ಅಲ್ವಾ?

ಒಂದು ಮಾತು ಬಿಟ್ಟಿದ್ದೆ. ಮೇಲೆ ಬರೆಯುವಾಗಲೇ ಬರೆಯಬೇಕಿತ್ತು.

ಹುಡುಗನ ಹಾರದ ವಿಷಯ ನಿಜ, ದಾರ ಚಕ್ರಕ್ಕೆ ಸುತ್ತಿದ್ದೂ ನಿಜ. ಆದರೆ ಬಸ್ಸನ್ನು ಎಡಕ್ಕೆ ತಗೊಳ್ಳುವ ಮೊದಲು ನಾನು ಎಡಗಡೆ ಕನ್ನಡಿ ನೋಡಿದ್ದೆ. ಕನ್ನಡಿಯಲ್ಲಿ ಅರ್ಧ ರೋಡು ಕಂಡಿತ್ತು, ಇನ್ನರ್ಧ ಬಾಳೆ ಎಲೆ. ಬೆಳಿಗ್ಗೆ ಹೊರಡುವಾಗಲೇ ಆ ಎಲೆ ಅಡ್ಡ ಬರುತ್ತಿದ್ದುದು ನನಗೆ ಗೊತ್ತಿತ್ತು. ದೇವರಿಗೆ ಕಟ್ಟಿದ್ದು, ಒಂದು ದಿನ ಇರಲಿ ಅಂತ ಬಿಚ್ಚಲಿಲ್ಲ. ಆ ಹುಡುಗ ಎಲೆಯ ಹಿಂದೆ ಇದ್ದ. ಬಸ್ಸು ಮೈಮೇಲೆ ಬಂದಿದ್ದಕ್ಕೆ ಅವನು ಹ್ಯಾಂಡಲ್ ತಿರುಗಿಸಿದ. ಹಾರ ಆಮೇಲೆ ಸಿಕ್ಕಿಕೊಂಡಿತೋ ಮೊದಲೇ ಸಿಕ್ಕಿಕೊಂಡಿತ್ತೋ, ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಮೊದಲೇ ಹೊಡೆದಿದ್ದೆ.

ಬಸ್ಸು ಮತ್ತೆ ಹೊರಡುವ ಮೊದಲು ಎಲೆ ಮುರಿದು ಬಿಸಾಕಿದೆ. ಕಂಡಕ್ಟರ್ ನೋಡಿದ, ಏನೂ ಅನ್ನಲಿಲ್ಲ. ಈಗ ಈ ಪತ್ರ ತರುತ್ತಿರುವವನು ಅವನೇ.

ಮನೆಗೆ ಬಂದರೆ ಬಾಗಿಲಲ್ಲಿ ನಿನ್ನ ಸೈಕಲ್ ನಿಂತಿತ್ತು. ಹ್ಯಾಂಡಲ್ಲಿಗೆ ಚೆಂಡುಹೂವು. ನೀನೇ ಕಟ್ಟಿದ್ದೆ, ಬೆಲ್ಲಿನ ಸುತ್ತ. ಅದನ್ನು ಕಿತ್ತು ಹಾಕಿ ಬೀಗ ಹಾಕಿದೆ. ನೀನೇನು ತಪ್ಪು ಮಾಡಿದ್ದೆ ಅದರಲ್ಲಿ? ಏನೂ ಇಲ್ಲ. ಮಂಗಳವಾರ ನೀನು "ಅಪ್ಪಾ, ಭಾನುವಾರ ಗಾಡಿ ತಗೊಂಡು ಬರ್ತೀನಿ, ನಿಮಗೇ ಮೊದಲು ತೋರಿಸ್ತೀನಿ" ಅಂದಾಗ ನನಗೆ ಕೇಳಿಸಿದ್ದು ಆ ಹುಡುಗನ ದನಿ. ಕೈಗೆ ಕೆನ್ನೆ ಸಿಗಲಿಲ್ಲ, ಫೋನ್ ಸಿಕ್ಕಿತು.

ತಪ್ಪಾಯಿತು ಪುಟ್ಟಿ. ಸೈಕಲ್ಲಿನದೂ, ಮೊನ್ನೆಯದೂ.

ನಾನೇ ಬೆಂಗಳೂರಿಗೆ ಬಂದು ಓಡಿಸಿಕೊಂಡು ಬರುತ್ತೇನೆ ಅಂದಿದ್ದೆನಲ್ಲ, ಬರುವುದಿಲ್ಲ. ನಿನ್ನ ಗಾಡಿಯನ್ನು ನೀನೇ ತಗೊಂಡು ಬಾ. ಬಸ್ಸು, ಲಾರಿಯ ಎಡಗಡೆ ಮಾತ್ರ ಯಾವತ್ತೂ ನುಗ್ಗಬೇಡ. ಬಸ್ಸು ನಿಧಾನ ಆಯಿತು ಅಂದರೆ ಎಡಕ್ಕೆ ಬರುತ್ತದೆ ಅಂತಲೇ ತಿಳಿದುಕೋ. ಡ್ರೈವರ್‌ನ ಮುಖ ಅವನ ಕನ್ನಡಿಯಲ್ಲಿ ನಿನಗೆ ಕಾಣದಿದ್ದರೆ ಅವನಿಗೆ ನೀನೂ ಕಾಣುವುದಿಲ್ಲ. ಕಂಡರೂ ಅವನು ನಿನ್ನನ್ನು ನೋಡಿದ್ದಾನೆ ಅಂತ ಅರ್ಥ ಅಲ್ಲ. ನಾನೂ ಡ್ರೈವರೇ ಆಗಿದ್ದೆ.

ಭಾನುವಾರ ದಾರಿಯಲ್ಲಿ ನಾನು ಫೋನ್ ಮಾಡುವುದಿಲ್ಲ, ನಿಮ್ಮಮ್ಮನಿಗೂ ಹೇಳಿದ್ದೇನೆ. ಕ್ಯಾತ್ಸಂದ್ರದಲ್ಲಿ ಒಂದು ಸಲ, ಸಿರಾದಲ್ಲಿ ಒಂದು ಸಲ ನೀನೇ ಮಾಡು, ಗಾಡಿ ಪೂರ್ತಿ ನಿಲ್ಲಿಸಿ.

ಪೂಜೆ ಇಲ್ಲೇ ಮಾಡಿಸೋಣ, ತೇರುಮಲ್ಲೇಶ್ವರನ ಗುಡಿ ಮುಂದೆ. ಚಕ್ರಕ್ಕೆ ಇಡಲು ನಿಂಬೆಹಣ್ಣು ನಿಮ್ಮಮ್ಮ ಆಗಲೇ ತೆಗೆದಿಟ್ಟಿದ್ದಾಳೆ. ಹಾರ ನಾನು ತರುತ್ತೇನೆ. ಬಾಳೆನಾರಿನಲ್ಲಿ ಕಟ್ಟಿಕೊಡುವ ಹೂವಿನವಳು ಪೇಟೆಯಲ್ಲಿ ಒಬ್ಬಳಿದ್ದಾಳೆ, ನಾಳೆಯೇ ಹೇಳಿಬರುತ್ತೇನೆ. ಶನಿವಾರ ಗಾಡಿ ಬಂದ ಮೇಲೆ ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ ಎಷ್ಟು ಮೊಳ ಇದೆ ಅಂತ ಅಳೆದು ಹೇಳು.

ನಿನ್ನ
ಅಪ್ಪ