ತೂಕದ ಮುಳ್ಳು ನಿಂತ ಮೇಲೆ

ನಾಪೋಕ್ಲು
ತುಲಾ ಸಂಕ್ರಮಣ ಕಳೆದ ಎರಡನೆಯ ವಾರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ನಾಲ್ಕು ದಿನವಾಯಿತು. ಅವಸರದಲ್ಲಿ ನಾಲ್ಕು ಸಾಲು ಗೀಚಿ ಕಳುಹಿಸಲು ಮನಸ್ಸಾಗಲಿಲ್ಲ. ನಮ್ಮಂತೆಯೇ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈ ಹಂತದಲ್ಲಿ ಕಂಗೆಟ್ಟವರು ಇನ್ನೂ ಇದ್ದಾರೆಂದು ತೋರಿದ್ದರಿಂದ, ನೀನು ಫೋನಿನಲ್ಲಿ ಒಪ್ಪಿದಂತೆ ನಿನ್ನ ಹೆಸರು ಬಿಟ್ಟು ಇದನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ.

ಎಂಟು ತಿಂಗಳಲ್ಲಿ 34 ಕಿಲೋ ಇಳಿದಿದ್ದ ನಿನ್ನ ತೂಕ ಐದು ವಾರದಿಂದ 96ರಲ್ಲೇ ನಿಂತಿದೆ, ಬೆಳಗಿನ ನಡಿಗೆಯನ್ನು ಬಿಟ್ಟೇಬಿಟ್ಟಿದ್ದೀಯ, ಸ್ನಾನವಾದ ಮೇಲೆ ಕನ್ನಡಿಗೆ ಬೆನ್ನು ಮಾಡಿ ಅಂಗಿ ತೊಡುತ್ತೀಯ, ಈ ಸಲ ಹುತ್ತರಿ ಸುಗ್ಗಿಹಬ್ಬಕ್ಕೆ ಮನೆತನದ ಮೂಲಮನೆಯಾದ ಐನ್‌ಮನೆಗೂ ಬರುವುದಿಲ್ಲವೆಂದು ಬರೆದಿದ್ದೀಯ. "ಇನ್ನು ವ್ಯಾಯಾಮ ಮಾಡಿ ಏನು ಪ್ರಯೋಜನ?" ಎಂದು ಕೇಳಿದ್ದೀಯ. ನಾನೂ ಅದೇ ಜಾಗದಲ್ಲಿ ನಿಂತು ಅದೇ ಮಾತನ್ನು ಕೇಳಿದ್ದವನು. ಆದ್ದರಿಂದ ಸಮಾಧಾನದ ಮಾತಿಗಿಂತ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದನ್ನೇ ಬರೆಯುತ್ತೇನೆ.

ಮೊದಲು ತೂಕದ ವಿಚಾರ. ನಮ್ಮಿಬ್ಬರಿಗೂ ಆದದ್ದು ಸ್ಲೀವ್ ವಿಧಾನದ ಆಪರೇಷನ್. ಅದರಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತೆಗೆದುಬಿಡುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಹುಟ್ಟುವುದು ಆ ತೆಗೆದ ಭಾಗದಲ್ಲಿಯೇ. ಹಾಗಾಗಿ ಮೊದಲ ಕೆಲವು ತಿಂಗಳು ನಾವು ಏನೂ ಮಾಡದಿದ್ದರೂ ತೂಕ ತಾನಾಗಿಯೇ ಇಳಿಯುತ್ತದೆ, ನಾವು ಮಾತ್ರ ಅದನ್ನು ನಮ್ಮ ನಡಿಗೆಯ ಫಲವೆಂದು ನಂಬಿಬಿಡುತ್ತೇವೆ. ಇಳಿಯಬೇಕಾದ ತೂಕದ ಹೆಚ್ಚಿನ ಪಾಲು ಮೊದಲ 12ರಿಂದ 18 ತಿಂಗಳಲ್ಲಿ ಇಳಿಯುತ್ತದೆ, ಆದರೆ ಇಳಿಜಾರಿನಂತೆ ಅಲ್ಲ, ಮೆಟ್ಟಿಲಿನಂತೆ: ಒಂದಷ್ಟು ದಿನ ಇಳಿದು, ವಾರಗಟ್ಟಲೆ ನಿಂತು, ಮತ್ತೆ ಇಳಿಯುತ್ತದೆ. 130 ಕಿಲೋದ ದೇಹವನ್ನು ಹೊತ್ತು ನಡೆಯಲು ಬೇಕಾಗಿದ್ದಷ್ಟು ಶಕ್ತಿ 96 ಕಿಲೋದ ದೇಹಕ್ಕೆ ಬೇಕಾಗುವುದಿಲ್ಲ, ಅದರ ಮೇಲೆ ಕಡಿಮೆ ಊಟಕ್ಕೆ ಒಗ್ಗಿಕೊಂಡ ದೇಹ ಖರ್ಚನ್ನೂ ಬಿಗಿಹಿಡಿಯುತ್ತದೆ. ನಿನ್ನ ಐದು ವಾರ ಅಂಥದೊಂದು ಮೆಟ್ಟಿಲು ಇರಬಹುದು. ವಾಂತಿಯೋ ವಿಪರೀತ ಸುಸ್ತೋ ಇದ್ದರೆ ಮಾತ್ರ ತಡಮಾಡದೆ ನಿನ್ನ ಡಾಕ್ಟರಿಗೆ ತಿಳಿಸು. ಬಿ12, ಕಬ್ಬಿಣ, ಡಿ ಜೀವಸತ್ವದ ರಕ್ತಪರೀಕ್ಷೆಯನ್ನು ಮುಂದೆ ಹಾಕಬೇಡ. ತಲೆಕೂದಲು ಉದುರುತ್ತಿದೆ ಎಂದು ಬರೆದಿದ್ದೀಯಲ್ಲ, ಮೂರನೆಯ ತಿಂಗಳ ಆಸುಪಾಸಿನಲ್ಲಿ ಅದು ನಮ್ಮಲ್ಲಿ ಬಹಳ ಮಂದಿಗೆ ಶುರುವಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ನನಗೂ ಬೆಳೆಯಿತು.

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ ಕೇಳು. ನನ್ನ ನಡಿಗೆಯನ್ನು ನಾನು ತೂಕದ ಯಂತ್ರಕ್ಕೆ ಕಟ್ಟಿಹಾಕಿದ್ದೆ. ಮುಳ್ಳು ಇಳಿದ ದಿನ ಹುರುಪಿನಿಂದ ಹೊರಡುತ್ತಿದ್ದೆ, ಇಳಿಯದ ದಿನ ಕಾಲು ಏಳುತ್ತಿರಲಿಲ್ಲ. ಒಂದೂವರೆ ವರ್ಷಕ್ಕೆ 84ರಲ್ಲಿ ಮುಳ್ಳು ನಿಂತದ್ದೇ ನಾನೂ ನಿಂತೆ. ಆ ವರ್ಷ ಕಾಫಿ ಕೊಯ್ಲಿನಲ್ಲಿ, ಗಿಡದ ಬುಡಕ್ಕೆ ಉದುರಿದ ಹಣ್ಣು ಹೆಕ್ಕಲು ಕುಕ್ಕರುಗಾಲಿನಲ್ಲಿ ಕುಳಿತವನಿಗೆ ರೆಂಬೆಯನ್ನು ಹಿಡಿಯದೆ ಏಳಲಾಗಲಿಲ್ಲ. 128 ಕಿಲೋ ಇದ್ದಾಗ ಏಳಲಾಗದ್ದಕ್ಕೆ ತೂಕ ಕಾರಣವೆಂದು ಎಲ್ಲರಿಗೂ ಗೊತ್ತಿತ್ತು, 84 ಕಿಲೋ ಇದ್ದಾಗ ಏಕೆ ಏಳಲಾಗುತ್ತಿಲ್ಲವೆಂದು ನನಗೆ ಅರ್ಥವಾಗಲಿಲ್ಲ, ಹೆದರಿದೆ. ಡಾಕ್ಟರು ಬಿಡಿಸಿ ಹೇಳಿದರು: ಇಷ್ಟು ಬೇಗ ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಮೂಳೆಯೂ ಸವೆಯುತ್ತದೆ. ಅದನ್ನು ತಡೆಯಲು ಸಾಕಷ್ಟು ಪ್ರೋಟೀನ್ ತಿನ್ನಬೇಕು, ಜೊತೆಗೆ ಭಾರ ಎತ್ತುವ ವ್ಯಾಯಾಮ ಬೇಕು. ಬರೀ ನಡಿಗೆ ಸಾಲದು.

ಆ ದಿನದಿಂದ ನನ್ನ ವ್ಯಾಯಾಮದ ಲೆಕ್ಕವೇ ಬದಲಾಯಿತು. ಈಗ ತೂಕದ ಯಂತ್ರದ ಮೇಲೆ ತಿಂಗಳಿಗೊಮ್ಮೆ ಮಾತ್ರ ನಿಲ್ಲುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಬೇರೆ ಸಂಗತಿಗಳನ್ನು: ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಎದ್ದೆ, ಬಾವಿಕಟ್ಟೆಯಿಂದ ಮನೆಯ ಮೆಟ್ಟಿಲಿನವರೆಗೆ ಎರಡು ಕೊಡ ನೀರನ್ನು ನಿಲ್ಲದೆ ತಂದೆನೋ ಇಲ್ಲವೋ. ಮೊದಲ ವಾರ ಕುರ್ಚಿಯಿಂದ ಒಂದೇ ಉಸಿರಿಗೆ ಏಳಲಾದದ್ದು ಆರು ಸಲ. ಇಂದು ಬೆಳಿಗ್ಗೆ 24. ನನ್ನ ತೂಕ ಈಗ 89, ಅಂದರೆ ಅತಿ ಕಡಿಮೆ ಇದ್ದಾಗಿಗಿಂತ 5 ಕಿಲೋ ಹೆಚ್ಚು. ಎರಡು ವರ್ಷದ ಮೇಲೆ ಇಷ್ಟು ಮರಳಿ ಬರುವುದು ಅಪರೂಪವಲ್ಲವೆಂದು ಮೊದಲೇ ತಿಳಿಸಿದ್ದರು, ಆದರೂ ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಅದೇ ತೂಕದೊಂದಿಗೆ ಕಳೆದ ಜನವರಿಯಲ್ಲಿ ನಾಲ್ಕುನಾಡು ಅರಮನೆಯ ಕಡೆಯಿಂದ ತಡಿಯಂಡಮೋಳ್ ಹತ್ತಿದೆ. ಕೊನೆಯ ಕಡಿದಾದ ಏರಿನಲ್ಲಿ ಮೂರು ಕಡೆ ಕುಳಿತೆ. 1,748 ಮೀಟರಿನ ಆ ತುದಿಯಲ್ಲಿ ಗಾಳಿಗೆ ಎದೆಯೊಡ್ಡಿ ನಿಂತಾಗ ನನ್ನ ತೂಕವೆಷ್ಟು ಎಂಬುದು ನೆನಪಾಗಲೂ ಇಲ್ಲ.

ಎಷ್ಟು ಮಾಡಬೇಕು ಎಂದು ಕೇಳಿದ್ದೀಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಪ್ರಮಾಣದ ಚಟುವಟಿಕೆ, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ನೀನು ಈಗ ಬಿಟ್ಟವನು, ದಿನಕ್ಕೆ ಹತ್ತು ನಿಮಿಷದಿಂದ ಹಿಡಿ. ಕತ್ತಲೆಯಿರುವಾಗ ತೋಟದ ದಾರಿಯಲ್ಲಿ ಮಾತ್ರ ಹೋಗಬೇಡ. ಆನೆಗಳ ಕಾಟ ನಿನ್ನ ಕಡೆಯೂ ಇದೆ, ಇದಕ್ಕಾಗಿ ಯಾರೂ ಪ್ರಾಣ ಪಣಕ್ಕಿಡಬೇಕಾಗಿಲ್ಲ. ನಾನು ನಡೆಯುವುದು ಮನೆಮುಂದಿನ ಕಾಫಿ ಕಣದಲ್ಲಿ, ಬಿಸಿಲು ಮೂಡಿದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣದ ತುಂಬ ಪಾಚಿ, ಕಾಲಿಟ್ಟರೆ ಜಾರುತ್ತದೆ. ಆಗ ಮನೆಮುಂದಿನ ಜಗಲಿ, ನಮ್ಮ ಕೈಸಾಲೆಯೇ ನನ್ನ ಮೈದಾನ: ಕುರ್ಚಿಯ ವ್ಯಾಯಾಮ, ಗೋಡೆಗೆ ಕೈಯೊತ್ತಿ ಮಾಡುವ ದಂಡ, ಐದೈದು ಕಿಲೋ ಕಾಫಿ ಬೀಜ ತುಂಬಿದ ಎರಡು ಚೀಲ ಹಿಡಿದು ಉದ್ದಕ್ಕೂ ಓಡಾಟ. ಒಮ್ಮೆಲೇ ಗಟಗಟನೆ ನೀರು ಕುಡಿಯಲು ನಮಗೆ ಆಗದಾದ್ದರಿಂದ ಬಾಟಲಿ ಹತ್ತಿರವಿಟ್ಟುಕೊಂಡು ನಡುನಡುವೆ ಒಂದೊಂದು ಗುಟುಕು ಕುಡಿ. ನನಗೆ ದಿನಕ್ಕೆ ಹೇಳಿರುವುದು 60ರಿಂದ 80 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಆದ್ದರಿಂದ ತಟ್ಟೆಯಲ್ಲಿ ಮೀನು, ಕೋಳಿ, ಮೊಟ್ಟೆ, ಬೇಳೆ ಮೊದಲು, ಅಕ್ಕಿಯ ಕಡಂಬುಟ್ಟು ಆಮೇಲೆ.

ಇನ್ನು ಕನ್ನಡಿಯ ವಿಚಾರ. ಅದೇ ನಿನ್ನನ್ನು ಹೆಚ್ಚು ಕಾಡುತ್ತಿದೆ ಎಂದು ನಿನ್ನ ಪತ್ರವನ್ನು ಎರಡನೆಯ ಸಲ ಓದಿದಾಗ ತಿಳಿಯಿತು.

ಹೊಟ್ಟೆಯ ಕೆಳಗೆ ಮಡಿಕೆಯಾಗಿ ಇಳಿಬಿದ್ದ ಚರ್ಮ, ತೋಳೆತ್ತಿದರೆ ಜೋಲುವ ಚರ್ಮ ನನಗೂ ಇವೆ. ಎಷ್ಟು ವ್ಯಾಯಾಮ ಮಾಡಿದರೂ ಅವು ಪೂರ್ತಿ ಹೋಗುವುದಿಲ್ಲ. ಇದನ್ನು ನನಗೆ ಯಾರಾದರೂ ಮೊದಲೇ ನೇರವಾಗಿ ಹೇಳಿದ್ದರೆ ಎರಡು ವರ್ಷ ನನ್ನನ್ನೇ ಸೋಮಾರಿಯೆಂದು ಹಳಿದುಕೊಳ್ಳುತ್ತಿರಲಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮ ತನ್ನ ಬಿಗಿಯನ್ನು ಕಳೆದುಕೊಂಡಿರುತ್ತದೆ, ಅಡಿಯಲ್ಲಿ ಸ್ನಾಯು ತುಂಬಿಕೊಂಡರೆ ಸ್ವಲ್ಪ ಮಟ್ಟಿಗೆ ಸರಿಕಾಣುತ್ತದೆ, ಅಷ್ಟೇ. ಅದನ್ನು ತೆಗೆಸುವ ಶಸ್ತ್ರಚಿಕಿತ್ಸೆ ಬೇರೆಯೇ ಇದೆ. ತೂಕ ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ ಅದರ ಬಗ್ಗೆ ವಿಚಾರಿಸಬಹುದು, ನಿನಗೆ ಇನ್ನೂ ಸಮಯವಿದೆ. ನಮ್ಮ ಮಳೆಗಾಲದಲ್ಲಂತೂ ಬಟ್ಟೆ ವಾರವಾದರೂ ಒಣಗದೆ, ಮಡಿಕೆಯ ಸಂದಿಯಲ್ಲಿ ತೇವ ನಿಂತು ಚರ್ಮ ಕೆಂಪಾಗಿ ಉರಿಯುತ್ತದೆ. ಕಳೆದ ಜುಲೈಯಲ್ಲಿ ಆ ಉರಿಯ ನೆಪದಲ್ಲಿಯೇ ನಾನು ಹತ್ತು ದಿನ ವ್ಯಾಯಾಮ ಬಿಟ್ಟಿದ್ದೆ. ಸ್ನಾನದ ಬಳಿಕ ಮೆತ್ತಗಿನ ಹತ್ತಿ ಬಟ್ಟೆಯಿಂದ ಸಂದಿಗಳನ್ನು ಒತ್ತಿ ಒರೆಸು, ವ್ಯಾಯಾಮದ ಹೊತ್ತಿಗೆ ಮೈಗೆ ಬಿಗಿಯಾಗಿ ಹೊಂದುವ ಒಳಬನಿಯನ್ ತೊಡು, ಆಗ ಚರ್ಮ ಅಲುಗಾಡಿ ಉಜ್ಜುವುದು ಕಡಿಮೆಯಾಗುತ್ತದೆ. ಉರಿ ಹೋಗದಿದ್ದರೆ ಮುಲಾಮು ಕೊಡುತ್ತಾರೆ, ನಾಚಿಕೊಳ್ಳದೆ ತೋರಿಸು.

ಚರ್ಮಕ್ಕಿಂತ ನಿಧಾನವಾದದ್ದು ಕಣ್ಣು. ದೇಹ ಬದಲಾಗಿ ಎಷ್ಟೋ ಕಾಲದವರೆಗೆ ಮನಸ್ಸು ಹಳೆಯ ದೇಹವನ್ನೇ ಕಾಣುತ್ತಿರುತ್ತದೆ. ನನ್ನ ತಂಗಿಯ ಮಗನ ಮದುವೆಯಲ್ಲಿ ಗಂಡಸರೆಲ್ಲರೂ ಕೊಡವರ ನಿಲುವಂಗಿಯಾದ ಕಪ್ಪು ಕುಪ್ಯ ತೊಟ್ಟು ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಬಂದಾಗ, ನಾನು ಎಲ್ಲಿದ್ದೇನೆಂದು ಹುಡುಕತೊಡಗಿದೆ. ನನ್ನ ಬೆರಳು ಹೋದದ್ದು ಆ ಸಾಲಿನಲ್ಲಿ ಎಲ್ಲರಿಗಿಂತ ಅಗಲವಾಗಿದ್ದವರ ಹತ್ತಿರ. ಅದು ನಾನಲ್ಲ. ಮಗಳು ಎಡದಿಂದ ಮೂರನೆಯವನನ್ನು ತೋರಿಸಿ "ಇವರಲ್ವಾ ಅಪ್ಪ" ಎಂದಳು. ಆ ಮುಖವನ್ನು ಬಹಳ ಹೊತ್ತು ನೋಡಿದೆ, ನನ್ನದೆಂದು ಅನ್ನಿಸಲು ಎರಡು ದಿನ ಬೇಕಾಯಿತು. ಕನ್ನಡಿಯ ಮುಂದೆ ನಿನಗೆ ಕಾಣುತ್ತಿರುವುದರಲ್ಲಿ ಹಳೆಯದೆಷ್ಟು, ಈಗಿನದೆಷ್ಟು ಎಂದು ನಾನು ಕೇಳುವುದು ಇದಕ್ಕಾಗಿಯೇ.

ಊರಿನವರ ಮಾತು ಇದಕ್ಕೆ ತುಪ್ಪ ಸುರಿಯುತ್ತದೆ. "ಏನು ಇಷ್ಟು ಸೊರಗಿದ್ದೀಯ, ಸಕ್ಕರೆ ಕಾಯಿಲೆಯಾ?", "ಮುಖದ ಕಳೆಯೇ ಹೋಯಿತಲ್ಲ", "ಕತ್ತರಿಸಿ ತೆಗೆಸಿದರೆ ಯಾರೂ ಸಣ್ಣಗಾಗುತ್ತಾರೆ ಬಿಡು". ಕೊನೆಯ ಮಾತು ನನಗೆ ಮುಳ್ಳಿನಂತೆ ನೆಟ್ಟಿತ್ತು. ನಾನು ಹೋಗುತ್ತಿದ್ದ ಜಿಮ್ಮೊಂದರಲ್ಲಿ ನನ್ನ ಹಳೆಯ ಮತ್ತು ಹೊಸ ಫೋಟೋ ಅಕ್ಕಪಕ್ಕ ಇಟ್ಟು ಗೋಡೆಗೆ ಹಾಕುತ್ತೇವೆಂದು ಮತ್ತೆ ಮತ್ತೆ ಕೇಳಿದಾಗ, ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದೆ. ಆ ಹಳೆಯ ಫೋಟೋದಲ್ಲಿದ್ದವನೂ ನಾನೇ, ತೋಟ ನೋಡಿಕೊಂಡವನು, ಅಪ್ಪನ ಕೊನೆಗಾಲದಲ್ಲಿ ಅವರನ್ನು ಎತ್ತಿ ಕೂರಿಸಿದವನು ಅವನೇ. ಅವನನ್ನು ಗೋಡೆಗೆ ಹಾಕಿ ನೋಡಿ ಅಸಹ್ಯಪಡಲು ನಾನು ಯಾರಿಗೂ ಬಿಡಲಾರೆ. ನೀನೂ ನಿನ್ನ 130 ಕಿಲೋದ ದಿನಗಳ ಬಗ್ಗೆ ಬರೆಯುವಾಗ ಕೊಂಚ ಮೆತ್ತಗಿನ ಮಾತು ಬಳಸು. ಕನ್ನಡಿಯನ್ನು ನೋಡಲಾಗದಷ್ಟು ಬೇಸರ ಊಟ ಬಿಡುವವರೆಗೆ, ಹಾಸಿಗೆ ಬಿಟ್ಟೇಳದವರೆಗೆ ಬಂದಿದ್ದರೆ ಮುಚ್ಚಿಡದೆ ನಿನ್ನ ಡಾಕ್ಟರಲ್ಲಿ ಹೇಳಿ ಆಪ್ತಸಮಾಲೋಚಕರನ್ನು ಕಾಣು. ನಾನು ಐದು ಸಲ ಹೋದೆ, ಆ ಐದು ಗಂಟೆಗಳು ಸಾರ್ಥಕವಾದವು.

ಇನ್ನೊಂದು ಸಂಗತಿ. ನಮ್ಮ ತೋಟದ ಬಾಗಿಲಿಗಿರುವ ಉಣುಗೋಲು ನಿನಗೆ ನೆನಪಿರಬೇಕು, ಅಡ್ಡಕ್ಕೆ ಸಿಕ್ಕಿಸಿದ ನಾಲ್ಕು ಬಿದಿರಿನ ಗಳು. ಮೊದಲು ನಾನು ನಾಲ್ಕನ್ನೂ ಸರಿಸಿಯೇ ಒಳಗೆ ಹೋಗುತ್ತಿದ್ದೆ. ಆಪರೇಷನ್ ಆಗಿ ಮೂರು ವರ್ಷ ಕಳೆದರೂ ಹಾಗೆಯೇ ನಾಲ್ಕನ್ನೂ ಸರಿಸುತ್ತಿದ್ದೆ, ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಈ ಆಗಸ್ಟಿನ ಒಂದು ಮಳೆಯ ಸಂಜೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗೊಬ್ಬರದ ಬಕೆಟ್ಟು ಇದ್ದಾಗ, ಬಕೆಟ್ಟನ್ನು ಇಳಿಸಿ ಮೇಲಿನ ಎರಡು ಗಳುಗಳನ್ನಷ್ಟೇ ಸರಿಸಿ, ಮತ್ತೆ ಅದನ್ನೆತ್ತಿಕೊಂಡು ಉಳಿದೆರಡನ್ನು ದಾಟಿಬಿಟ್ಟೆ. ದಾಟಿದ ಮೇಲೆ ತಿರುಗಿ ನೋಡಿದೆ. ಮಳೆಯಲ್ಲಿ ನಿಂತು ಮತ್ತೊಮ್ಮೆ ಆಚೆಗೆ ದಾಟಿ, ಈಚೆಗೆ ದಾಟಿದೆ. ಕೈಸಾಲೆಯಲ್ಲಿ ಒಬ್ಬನೇ ಚೀಲ ಹೊತ್ತು ಓಡಾಡಿದ ಅಷ್ಟೂ ದಿನಗಳು ನನಗೆ ಆ ಹೊತ್ತಿನಲ್ಲಿ ದಕ್ಕಿದವು.

ಹುತ್ತರಿಗೆ ನೀನು ಬರಬೇಕು. ಕುಪ್ಯ ಹೆಗಲಿನಿಂದ ಜಾರುತ್ತದೆ, ನಡುಪಟ್ಟಿಯ ಚೇಲೆ ಸೊಂಟಕ್ಕೆ ಇನ್ನೂ ಒಂದು ಸುತ್ತು ಬರುತ್ತದೆ ಎಂಬುದು ಬರದಿರಲು ಕಾರಣವಲ್ಲ. ನನ್ನದನ್ನು ಎರಡು ಸಲ ಹಿಡಿಸಿಕೊಟ್ಟ ದರ್ಜಿ ಇಲ್ಲೇ ಇದ್ದಾರೆ. ಈ ಭಾನುವಾರ ಎಂಟು ಗಂಟೆಗೆ ಬಾ, ಕಣದಲ್ಲಿ ಹತ್ತು ನಿಮಿಷ ಜೊತೆಯಾಗಿ ನಡೆಯೋಣ, ಆಮೇಲೆ ಮೊಟ್ಟೆ ಬೇಯಿಸುತ್ತೇನೆ. ಬರುವಾಗ ಮರೆಯದೆ ನಿನ್ನ ಕುಪ್ಯವನ್ನು ತಾ. ದರ್ಜಿ ಮೂರು ವಾರ ಕೇಳುತ್ತಾರೆ.

ನಿನ್ನವನೇ,
ನಾಪೋಕ್ಲಿನ ಗೆಳೆಯ