ಹಳೆಯ ಬೈಕಿನ ಕ್ಲಚ್: ಪ್ಲೇಟು ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಮೋಟಾರ್‌ಸೈಕಲ್ಲಿನ ಕ್ಲಚ್ (ಒಂದಕ್ಕೊಂದು ಒತ್ತಿಕೊಂಡ ಪ್ಲೇಟುಗಳ ಮೂಲಕ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸ್ಲಿಪ್ ಆಗತೊಡಗಿದರೆ, ಅಂದರೆ ಹಿಡಿತ ತಪ್ಪಿ ಜಾರತೊಡಗಿದರೆ, ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಪ್ಲೇಟು ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು’ ಎಂಬುದು. ಪರೀಕ್ಷೆಗೆ ಮೊದಲೇ ಬರುವ ಈ ತೀರ್ಪಿನಿಂದ, ಇನ್ನೆಷ್ಟೋ ವರ್ಷ ಬಾಳಬಹುದಾಗಿದ್ದ ಮೂಲ ಬಿಡಿಭಾಗಗಳು ಗುಜರಿ ಸೇರುತ್ತಿವೆ. ಈ ವಿಷಯವನ್ನು ಓದುಗರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು 1950ರ ದಶಕದ ಒಂದು ಸಿಂಗಲ್ ಸಿಲಿಂಡರ್ ಬೈಕು. ಏರು ರಸ್ತೆಯಲ್ಲಿ ಎಂಜಿನ್ನಿನ ಸದ್ದು ಮಾತ್ರ ಏರಿ ವೇಗ ಏರದಿದ್ದಾಗ ಅದನ್ನು ವರ್ಕ್‌ಶಾಪೊಂದಕ್ಕೆ ಒಪ್ಪಿಸಿದೆ. ಹೊಸ ಪ್ಲೇಟುಗಳು ಬಂದವು, ಸ್ಲಿಪ್ ಹೋಗಲಿಲ್ಲ. ಮತ್ತೆ ಒಯ್ದಾಗ ಪ್ಲೇಟುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳ ನಟ್ಟುಗಳನ್ನು ಕೊನೆಯವರೆಗೂ ಬಿಗಿದು ಕೊಟ್ಟರು. ಸ್ಲಿಪ್ ನಿಂತಿತು, ಆದರೆ ಲಿವರ್ ಎಳೆಯಲು ಎರಡು ಕೈ ಬೇಕೆನ್ನಿಸುವಷ್ಟು ಬಿಗಿಯಾಯಿತು. ಕ್ಲಚ್ ಪೂರ್ತಿ ಬಿಡದೆ ನ್ಯೂಟ್ರಲ್ ಸಿಗುವುದೇ ಕಷ್ಟವಾಯಿತು. ಕೊನೆಗೆ ನಾನೇ ಬಿಚ್ಚಿ ನೋಡಿದರೆ ಲಿವರ್ ಎಳೆದಾಗ ಕ್ಲಚ್ಚನ್ನು ಬಿಡಿಸುವ ಪುಶ್ ರಾಡಿನ ತುದಿ ಕಾದು ನೀಲಿಯಾಗಿ, ಅಣಬೆಯ ತಲೆಯಂತೆ ಅಗಲವಾಗಿತ್ತು. ತೆಗೆದುಹಾಕಿದ್ದ ಹಳೆಯ ಪ್ಲೇಟುಗಳನ್ನು ಕೇಳಿ ತಂದು ವರ್ನಿಯರ್‌ನಲ್ಲಿ ಅಳೆದೆ. ಅವು ಕೈಪಿಡಿಯಲ್ಲಿ ಹೇಳಿರುವ ಮಿತಿಯ ಹತ್ತಿರಕ್ಕೂ ಸವೆದಿರಲಿಲ್ಲ.

ನಿಜವಾದ ದೋಷ ಇದ್ದದ್ದು ‘ಪ್ಲೇ’ಯಲ್ಲಿ, ಅಂದರೆ ಲಿವರಿಗೂ ಕ್ಲಚ್ಚಿಗೂ ನಡುವೆ ಇರಲೇಬೇಕಾದ ಆ ಸ್ವಲ್ಪ ಸಡಿಲಿನಲ್ಲಿ. ಈ ಬಗೆಯ ಕ್ಲಚ್ಚಿನಲ್ಲಿ ಗೇರ್‌ಬಾಕ್ಸಿನ ಟೊಳ್ಳು ಶಾಫ್ಟಿನೊಳಗಿಂದ ಹಾದುಬರುವ ಪುಶ್ ರಾಡು ಉಳಿದ ಪ್ಲೇಟುಗಳನ್ನು ಹೊರಬದಿಯಿಂದ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನು ಹೊರಕ್ಕೆ ತಳ್ಳಿದಾಗ ಪ್ಲೇಟುಗಳು ಬೇರೆಯಾಗುತ್ತವೆ. ಪ್ಲೇಟುಗಳು ಸವೆದಂತೆ ಅವುಗಳ ಒಟ್ಟು ದಪ್ಪ ಕಡಿಮೆಯಾಗಿ, ಪ್ರೆಷರ್ ಪ್ಲೇಟು ಒಳಕ್ಕೆ ಸರಿದು ರಾಡಿಗೆ ಒತ್ತುತ್ತದೆ. ಹೀಗಾಗಿ ಸಡಿಲು ತಾನಾಗಿಯೇ ಕರಗುತ್ತಾ ಹೋಗುತ್ತದೆ. ಅದು ಪೂರ್ತಿ ಇಲ್ಲವಾದ ದಿನ, ಸವಾರನು ಲಿವರನ್ನು ಮುಟ್ಟದಿದ್ದರೂ ಕ್ಲಚ್ಚು ಅರ್ಧ ಎಳೆದಂತೆಯೇ ಇರುತ್ತದೆ. ನನ್ನ ಬೈಕಿಗೆ ಮೊದಲು ಆದದ್ದು ಇದೇ. ಹೊಸ ಪ್ಲೇಟು ಹಾಕಿದವರು ಈ ಸಡಿಲನ್ನು ಹೊಂದಿಸುವ ಅಡ್ಜಸ್ಟರ್ ಸ್ಕ್ರೂವನ್ನು ರಾಡಿಗೆ ಒತ್ತಿ ನಿಲ್ಲಿಸಿಯೇ ಲಾಕ್‌ನಟ್ ಬಿಗಿದಿದ್ದರಿಂದ ಅದೇ ದೋಷ ಮರುಕಳಿಸಿತು. ಬಿಗಿದ ಸ್ಪ್ರಿಂಗುಗಳು ಅದನ್ನು ಮರೆಮಾಚಿದವು, ಆ ಭಾರವನ್ನೆಲ್ಲ ಹೊತ್ತು ತಿರುಗಿದ ರಾಡು ಸುಟ್ಟಿತು.

ಇದಕ್ಕೆ ಬೇಕಾದದ್ದು ಹತ್ತು ನಿಮಿಷದ ಕೆಲಸ. ಮೊದಲು ಕೇಬಲನ್ನು ಪೂರ್ತಿ ಸಡಿಲಗೊಳಿಸಿ, ಪ್ರೆಷರ್ ಪ್ಲೇಟಿನ ನಡುವೆ ಇರುವ ಈ ಅಡ್ಜಸ್ಟರ್ ಸ್ಕ್ರೂವನ್ನು ರಾಡಿಗೆ ಮೆಲ್ಲನೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಸುಮಾರು ಅರ್ಧ ಸುತ್ತು ಹಿಂದಕ್ಕೆ ತಂದು ಲಾಕ್ ಮಾಡಬೇಕು. ಆಮೇಲೆ ಲಿವರಿನ ಬುಡದಲ್ಲಿ 2ರಿಂದ 3 ಮಿಲಿಮೀಟರ್ ಸಡಿಲು ಉಳಿಯುವಂತೆ ಕೇಬಲನ್ನು ಹೊಂದಿಸಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿ ಕೇಬಲನ್ನು ಹೊಂದಿಸುವುದರಿಂದಲೇ ಆರಂಭಿಸಿದರೆ ದೋಷ ಒಳಗೇ ಉಳಿಯುತ್ತದೆ. ಎಣ್ಣೆಯನ್ನೂ ಇದೇ ಹಂತದಲ್ಲಿ ಗಮನಿಸಬೇಕು. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಎಂಜಿನ್ ಆಯಿಲ್‌ ಹಾಕಿದರೆ, ಎಣ್ಣೆಯಲ್ಲಿ ಮುಳುಗಿ ತಿರುಗುವ ಕ್ಲಚ್ಚು ಹೊಸದಾಗಿದ್ದರೂ ಜಾರಬಹುದು.

ಕ್ಲಚ್ಚು ಹಿಡಿಯದಿರುವುದು ಒಂದು ಕಾಯಿಲೆಯಾದರೆ, ಬಿಡದಿರುವುದು ಇನ್ನೊಂದು. ಬಹುಕಾಲ ನಿಂತ ಬೈಕಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಇಗ್ನಿಷನ್ ಆರಿಸಿ, ಲಿವರ್ ಎಳೆದು ಹಿಡಿದು ನಾಲ್ಕಾರು ಬಾರಿ ಕಿಕ್ಕರ್ ಒತ್ತಿದರೆ ಸಾಕು, ಅವು ಬಿಡುತ್ತವೆ. ಹಾಗೆ ಒತ್ತುವಾಗ ಕವರ್ ತೆಗೆದು ಪ್ರೆಷರ್ ಪ್ಲೇಟಿನ ಅಂಚನ್ನು ಗಮನಿಸಿ: ಅದು ಓಲಾಡುತ್ತಾ ತಿರುಗಿದರೆ ಸ್ಪ್ರಿಂಗುಗಳ ಒತ್ತಡ ಸಮನಾಗಿಲ್ಲವೆಂದು ಅರ್ಥ. ಮೇಲೆದ್ದು ಬರುವ ಕಡೆಯ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಅಂಚು ಒಂದೇ ಮಟ್ಟದಲ್ಲಿ ತಿರುಗುವವರೆಗೂ ತಾಳ್ಮೆಯಿಂದ ಹೊಂದಿಸುವುದು ನನಗೆ ಈ ಕೆಲಸದಲ್ಲೆಲ್ಲ ಅತ್ಯಂತ ಇಷ್ಟವಾದ ಭಾಗ. ಅಷ್ಟಾದರೂ ಕ್ಲಚ್ ಬಿಡದಿದ್ದರೆ ಮಾತ್ರ ಪ್ಲೇಟುಗಳನ್ನು ಹೊರತೆಗೆಯಬೇಕು. ಉಕ್ಕಿನ ಪ್ಲೇಟುಗಳನ್ನು ಸಮತಟ್ಟಾದ ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜಿನಿಂದ (ಸಂದಿಯನ್ನು ಅಳೆಯುವ ತೆಳು ಪಟ್ಟಿಗಳು) ನೋಡಿದರೆ ಸೊಟ್ಟಗಾಗಿರುವುದು ತಿಳಿಯುತ್ತದೆ. ಪ್ಲೇಟುಗಳು ಕೂರುವ ಹೊರಗಿನ ಬಾಸ್ಕೆಟ್ಟಿನ ಸೀಳುಗಳಲ್ಲಿ ಪ್ಲೇಟಿನ ಹಲ್ಲುಗಳು ಬಡಿದು ಮೂಡಿಸಿದ ಕಚ್ಚುಗಳಿದ್ದರೆ ಪ್ಲೇಟು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕಚ್ಚು ತೆಳುವಾಗಿದ್ದರೆ ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಬಹುದು, ಆಳವಾಗಿದ್ದರೆ ಬಾಸ್ಕೆಟ್ಟನ್ನೇ ಬದಲಿಸಬೇಕು. ಕ್ಲಚ್ಚಿನ ನಡುಭಾಗವಾದ ಹಬ್ ಅನ್ನು ಶಾಫ್ಟಿನಿಂದ ಬಿಡಿಸಲು ತಕ್ಕ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಇಲ್ಲದೆ ಸುತ್ತಿಗೆ ಎತ್ತುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯವನ್ನು ಬೈಕು ಮಾಲೀಕರಿಗಿಂತಲೂ ಮೆಕ್ಯಾನಿಕ್‌ಗಳ ಹಿತಕ್ಕಾಗಿ ಹೇಳಬೇಕಾಗಿದೆ. ಹಳೆಯ ಕಾಲದ ಅನೇಕ ಕ್ಲಚ್ ಪ್ಲೇಟುಗಳ ಮೇಲೆ ಹಿಡಿತಕ್ಕಾಗಿ ಇರುವ ಹೊದಿಕೆಯಾದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ ಇರುತ್ತಿತ್ತು. ಅದರ ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ, ಎಷ್ಟೋ ದಶಕಗಳ ಬಳಿಕ ಕಾಣಿಸಿಕೊಳ್ಳುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹೀಗಿದ್ದೂ ಹಳೆಯ ಪ್ಲೇಟನ್ನು ಒಣ ಮರಳು ಕಾಗದದಿಂದ ಉಜ್ಜುವುದನ್ನೂ, ಏರ್ ಪೈಪ್ ಹಿಡಿದು ಧೂಳು ಹಾರಿಸುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಲೈನಿಂಗ್ ಯಾವುದರದ್ದೆಂದು ಖಚಿತವಿಲ್ಲದಿದ್ದಾಗ ಅದನ್ನು ಉಜ್ಜಲೇಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಡಬೇಕು.

ಕ್ಲಚ್ ಪ್ಲೇಟು ಮಾರುವವರು ಲೈನಿಂಗ್ ಯಾವುದರಿಂದ ಮಾಡಿದ್ದೆಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಮುದ್ರಿಸಬೇಕು, ಮತ್ತು ವರ್ಕ್‌ಶಾಪಿನವರು ತೆಗೆದ ಪ್ಲೇಟುಗಳನ್ನು ಮಾಲೀಕರ ಎದುರೇ ಅಳೆದು ತೋರಿಸಬೇಕು ಎಂಬುದು ನನ್ನ ಒತ್ತಾಯ. ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹೊಸ ಮಾದರಿಗಳ ಪರಿಚಯದ ಜೊತೆಗೆ ಹಳೆಯ ಯಂತ್ರಗಳ ದುರಸ್ತಿಯ ಕುರಿತೂ, ಈ ಕೆಲಸದಲ್ಲಿ ಪಳಗಿದ ಮೆಕ್ಯಾನಿಕ್‌ಗಳಿಂದಲೇ ಕೇಳಿ ಬರೆಸಿದ ಲೇಖನಗಳನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಹಳೆಯ ಬೈಕಿನ ಸವಾರನೊಬ್ಬ