ಗಿಟಾರ್ ಕಲಿಸುವವರೇ, ವೇಗಕ್ಕೆ ಮೊದಲು ನಡೆ ಕಲಿಸಿ

ಸಂಪಾದಕರಿಗೆ ನಮಸ್ಕಾರ,

ತುಮಕೂರಿನಲ್ಲಿ ಈಗ ಗಿಟಾರ್ ಕ್ಲಾಸಿಗೆ ಹೋಗುವ ಮಕ್ಕಳು ಜಾಸ್ತಿ. ಸಂಜೆ ಹೊತ್ತು ಎಸ್.ಎಸ್. ಪುರಂ ಕಡೆ ಹೋದರೆ ಬೆನ್ನಿಗೆ ಗಿಟಾರ್ ಬ್ಯಾಗ್ ಹಾಕಿಕೊಂಡವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ನೋಡೋಕೆ ಖುಷಿ. ಆದರೆ ಅವರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತ ಕಲಿಯಬೇಕು, ಮನಸ್ಸಿಗೆ ಬಂದದ್ದನ್ನು ಆ ಕ್ಷಣಕ್ಕೇ ನುಡಿಸಬೇಕು ಅಂತ ಆಸೆಪಟ್ಟು ಬರುವವರ ಕೈಗೆ ಮೊದಲು ಸಿಗುವುದು ಸ್ಕೇಲ್‌ಗಳ, ಅಂದರೆ ಸ್ವರಗಳ ಏರಿಳಿಕೆಯ, ಉದ್ದದ ಪಟ್ಟಿ, ಆಮೇಲೆ ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ವೇಗ ಏರಿಸುತ್ತಾ ಹೋಗುವ ಪೈಪೋಟಿ. ಬೆರಳು ಓಡುತ್ತದೆ, ಸಂಗೀತ ಬರುವುದಿಲ್ಲ. ಎಲ್ಲ ಸ್ವರಕ್ಕೂ ಪಿಕ್ (ತಂತಿ ಮೀಟುವ ಬಿಲ್ಲೆ) ಹೊಡೆದು ಹೊಡೆದು ಹೊಲಿಗೆ ಮಷೀನ್ ಓಡಿದ ಹಾಗೆ ಕೇಳಿಸುತ್ತದೆ.

ಜಾಝ್‌ನಲ್ಲಿ ಮೊದಲು ಬೇಕಾದ ಸ್ವಿಂಗ್ ಅಂದರೆ ಒಂದು ನಡೆ. ಒಂದು ಬೀಟಿನಲ್ಲಿ ಎರಡು ಸ್ವರ ಬಂದರೆ ಎರಡೂ ಸಮ ಇರಲ್ಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡೋದು ಕಷ್ಟವೇ ಅಲ್ಲ. ತಿಶ್ರ ನಡೆಯಲ್ಲಿ, ಅಂದರೆ ಒಂದು ಬೀಟನ್ನು ಮೂರು ಸಮಭಾಗ ಮಾಡಿ, ತ-ಕಿ-ಟ ಹೇಳಿಸಿ. ‘ತ’ಕ್ಕೆ ಮೊದಲ ಸ್ವರ ಮೀಟಲಿ, ‘ಕಿ’ ಮುಗಿಯುವ ತನಕ ಅದೇ ನಿಲ್ಲಲಿ, ‘ಟ’ಕ್ಕೆ ಎರಡನೆಯದು ಬರಲಿ. ಮಧ್ಯಮ ವೇಗದಲ್ಲಿ ಸ್ವಿಂಗ್ ಹೆಚ್ಚುಕಡಿಮೆ ಇಷ್ಟೇ. ವೇಗ ಏರಿದ ಹಾಗೆ ಎರಡು ಸ್ವರಗಳೂ ಸಮಕ್ಕೆ ಹತ್ತಿರ ಬರುತ್ತವೆ. ಮೆಟ್ರೊನೋಮನ್ನು ನಿಮಿಷಕ್ಕೆ 60 ಟಿಕ್‌ಗೆ ಇಟ್ಟು ಅದರ ಟಿಕ್ ಅನ್ನು 2 ಮತ್ತು 4ನೇ ಬೀಟು ಅಂತ ಎಣಿಸಿದರೆ ಹಾಡಿನ ವೇಗ 120 ಆಗುತ್ತದೆ. 1 ಮತ್ತು 3 ಅನ್ನು ನಾವೇ ಒಳಗೆ ಹಿಡಿದುಕೊಳ್ಳಬೇಕು. ಮೊದಮೊದಲು ತಬ್ಬಿಬ್ಬಾಗುತ್ತದೆ, ಆದರೂ ಬಿಡಬಾರದು.

ಇನ್ನು ಬೆರಳಿನ ಮಾತು. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್, ಈ ಮೂರು ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸಾಲು ಜಾಝ್‌ನಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಮೊದಲೆರಡು ಕಾರ್ಡಿಗೆ ಎರಡೆರಡು ಬೀಟು ಇಟ್ಟುಕೊಂಡು ಡಿ ಎಫ್ ಎ ಸಿ, ಬಿ ಎ ಜಿ ಎಫ್, ಕೊನೆಗೆ ಇ, ಈ ಸ್ವರಗಳನ್ನು (ಎ ಇಂದ ಜಿ ತನಕ ಪಾಶ್ಚಾತ್ಯ ಸ್ವರಗಳ ಹೆಸರು) ನುಡಿಸಿ ನೋಡಿ. ತೋರುಬೆರಳು 2ನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ) ಇರಲಿ, ಫ್ರೆಟ್‌ಗೆ ಒಂದು ಬೆರಳು. ತೀರ ತೆಳು ತಂತಿಯಿಂದ ಎಣಿಸಿ 5ನೇ ತಂತಿಯ 5ನೇ ಫ್ರೆಟ್‌ನಿಂದ ಶುರು ಮಾಡಿದರೆ ಕೈ ಕದಲಿಸದೆ ಇಡೀ ಸಾಲು ಮುಗಿಯುತ್ತದೆ. ಈಗ ಮುಖ್ಯವಾದದ್ದು. 3ನೇ ತಂತಿಯಲ್ಲಿ ಸಿ ಬರುವುದು ‘ಟ’ಕ್ಕೆ, ಅದಕ್ಕೆ ಪಿಕ್ ಹೊಡೆಯಿರಿ. ಬಿ ಬರುವುದು ಮುಂದಿನ ‘ತ’ಕ್ಕೆ, ಅದಕ್ಕೆ ಹೊಡೆಯಬೇಡಿ, ಕಿರುಬೆರಳನ್ನು ಎಳೆದು ಬಿಟ್ಟು ಉಂಗುರಬೆರಳಿನ ಸ್ವರ ಕೇಳಿಸಿ. 4ನೇ ತಂತಿಯಲ್ಲಿ ಎಫ್‌ನಿಂದ ಇಗೆ ಇಳಿಯುವಾಗಲೂ ಹೀಗೇ, ನಡುಬೆರಳಿನಿಂದ ತೋರುಬೆರಳಿಗೆ. ಕಾರ್ಡಿನ ಹೆಸರಿನ ಸ್ವರವನ್ನು ಒಂದು ಅಂತ ಎಣಿಸಿದರೆ, ಎರಡೂ ಕಡೆ ಒಂದು ಕಾರ್ಡಿನ ಏಳನೇ ಸ್ವರ ಮುಂದಿನ ಕಾರ್ಡಿನ ಮೂರನೇ ಸ್ವರಕ್ಕೆ, ಅದೂ ಸರಿಯಾಗಿ ಬೀಟಿನ ಮೇಲೆ, ಜಾರಿ ಕೂರುತ್ತದೆ. ಹಿಂದೆ ಕಾರ್ಡು ನುಡಿಸುವವರು ಇಲ್ಲದಿದ್ದರೂ ಕಾರ್ಡು ಬದಲಾಗಿದ್ದು ಕಿವಿಗೆ ಗೊತ್ತಾಗುತ್ತದೆ. ಸ್ಯಾಕ್ಸೋಫೋನ್ ನುಡಿಸುವವರು ಪ್ರತಿ ಸ್ವರಕ್ಕೂ ನಾಲಿಗೆ ತಾಗಿಸುವುದಿಲ್ಲ. ವೀಣೆಯಲ್ಲೂ ಒಂದು ಮೀಟಿಗೆ ಎಷ್ಟೊಂದು ಸ್ವರ ಬರುತ್ತದೆ ಅಲ್ವಾ?

ಈ ಮೂರು ಕಾರ್ಡಿಗೂ ಸೇರಿ ಇರುವುದು ಅದೇ ಏಳು ಸ್ವರ. ಡಿ ಇಂದ ಹಿಡಿದರೆ ಖರಹರಪ್ರಿಯ, ಜಿ ಇಂದ ಹರಿಕಾಂಬೋಜಿ, ಸಿ ಇಂದ ಶಂಕರಾಭರಣ. ರಾಗ ಕಲಿತ ಮಗುವಿಗೆ ಇದನ್ನು ಹೇಳಿದರೆ ಅರ್ಧ ಭಯ ಹೋಗುತ್ತದೆ. ಹಾಗಂತ ಜಾಝ್ ಮತ್ತು ಕರ್ನಾಟಕ ಸಂಗೀತ ಒಂದೇ ಅಂತ ನಾನು ಹೇಳುತ್ತಿಲ್ಲ.

ವೇಗವೇ ದೊಡ್ಡದು ಅನ್ನುವವರು ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡಿಂಗ್ ಕೇಳಬೇಕು. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಹಾಳಾದವು. ಸೋಲೋ ನುಡಿಸಿದ್ದು ಹೆಚ್ಚಾಗಿ ಉಳಿದ ಎರಡೇ ಬೆರಳಲ್ಲಿ. ಇನ್ನೊಬ್ಬ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮೆರಿ ಪಿಕ್ ಮುಟ್ಟದೆ ಹೆಬ್ಬೆರಳಲ್ಲೇ ನುಡಿಸಿದರು, ಅವರು ಮೊದಲು ಕಲಿತದ್ದು ಅವರಿಗಿಂತ ಹಿಂದಿನ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡ್ ಕೇಳಿ ಕೇಳಿ. ಅಷ್ಟು ದೂರ ಯಾಕೆ, ಇಲ್ಲೇ 70 ಕಿ.ಮೀ. ಆಚೆ ಬೆಂಗಳೂರಿನ ತಾಳವಾದ್ಯಗಳ ಸಂಸ್ಥೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜೊತೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೊ 1983ರಲ್ಲೇ ಆಲ್ಬಂ ಮಾಡಿದ್ದಾರೆ. ನಮ್ಮ ಲಯ ಅವರಿಗೆ ಬೇಕಾಯಿತು. ನಮ್ಮ ಮಕ್ಕಳಿಗೆ ಯಾಕೆ ಅದನ್ನು ಬಿಟ್ಟು ಕಲಿಸಬೇಕು?

ಅಪ್ಪ ಅಮ್ಮಂದಿರಲ್ಲೂ ಒಂದು ಮಾತು. ಎಷ್ಟು ಹಾಡು ಬಂತು ಅಂತ ದಿನಾ ಕೇಳಬೇಡಿ. ಒಂದೇ ಸಾಲನ್ನು ನಿಧಾನವಾಗಿ ವಾರಗಟ್ಟಲೆ ನುಡಿಸುತ್ತಿದ್ದರೆ ಸುಮ್ನೆ ಕಾಲ ಕಳೀತಿದಾನೆ ಅಂದುಕೊಳ್ಳಬೇಡಿ, ಆಗಲೇ ಅವನು ಕಲಿಯುತ್ತಿರುವುದು.

ಕ್ಲಾಸ್ ನಡೆಸುವವರು ಮೃದಂಗದ ಮೇಷ್ಟ್ರು ಒಬ್ಬರನ್ನು ಆಗಾಗ ಕರೆಸಿ ಮಕ್ಕಳ ಕೈಲಿ ತಾಳ ಹಾಕಿಸಲಿ. ಏಪ್ರಿಲ್ 30 ಯುನೆಸ್ಕೊ ಗೊತ್ತುಮಾಡಿರುವ ಅಂತರರಾಷ್ಟ್ರೀಯ ಜಾಝ್ ದಿನ. ಆ ದಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಒಂದು ಸಂಜೆ ಈ ಮಕ್ಕಳಿಗೆ ಸಿಗುವಂತೆ ಸಂಬಂಧಪಟ್ಟವರು ಮನಸ್ಸು ಮಾಡಬೇಕು. ಪೈಪೋಟಿ, ಬಹುಮಾನ ಯಾವುದೂ ಬೇಡ. ಗಿಟಾರಿನವರು, ಮೃದಂಗದವರು, ವೀಣೆಯವರು ಜೊತೆಗೆ ಕೂತು ನುಡಿಸಲಿ. ನಿಮ್ಮ ಜಿಲ್ಲಾ ಪುಟದಲ್ಲಿ ಅದಕ್ಕೆ ಸ್ವಲ್ಪ ಜಾಗ ಕೊಡಿ.

– ಗಿಟಾರ್ ಕಲಿಯುತ್ತಿರುವ ಓದುಗ, ತುಮಕೂರು